ನನ್ನ ಬೆನ್ನಿನ ಅಳತೆಗೆ ಒಂದು ಹಳೇ ಬೈಕು

ನಮ್ಮ ಮನೆಯ ಬೈಕನ್ನು ಈಗಿನವರು ವಿಂಟೇಜ್ ಕ್ರೂಸರ್ ಎನ್ನುತ್ತಾರೆ. ನಾನು ಕೊಂಡಾಗ ಅದು ಬರೀ ಹೊಸ ಬೈಕಾಗಿತ್ತು, ನನಗೂ ತಲೆತುಂಬ ಕೂದಲಿತ್ತು. ಎತ್ತರದ ಹ್ಯಾಂಡಲ್ಲು, ಹಳ್ಳ ಬಿದ್ದಂಥ ತಗ್ಗು ಸೀಟು, ಎಂಜಿನ್ನಿಗಿಂತ ಮುಂದೆ ಚಾಚಿಕೊಂಡ ಫುಟ್‌ರೆಸ್ಟು. ಆರಾಮಕುರ್ಚಿಯಲ್ಲಿ ಒರಗಿದ ಗೌಡನಂತೆ ಕಾಲು ಚಾಚಿಕೊಂಡು ಹೋಗಬೇಕು. ಇಪ್ಪತ್ತೆಂಟರಲ್ಲಿ ಅದಕ್ಕೆ ಗತ್ತು ಅಂತ ಹೆಸರು. ಐವತ್ತೆರಡರಲ್ಲಿ ಸೊಂಟನೋವು ಅಂತ.

ಹಿರಿಯೂರು ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ನನ್ನ ನೌಕರಿ. ಡಾಕ್ಟರಲ್ಲ. ಕುರಿಗಾರರು ಡಾಕ್ಟ್ರೇ ಎನ್ನುತ್ತಾರೆ, ನಾನು ತಿದ್ದಲು ಹೋಗಿಲ್ಲ.

ಹೋದ ವರ್ಷ ಒಂದು ಬೆಳಗ್ಗೆ ಹರಿಯಬ್ಬೆಯಲ್ಲಿ ಬೈಕು ನಿಲ್ಲಿಸಿದವನು ಇಳಿಯಲಾಗದೆ ಹಾಗೇ ಕೂತುಬಿಟ್ಟೆ. ಸೊಂಟ ಹಿಡಿದುಕೊಂಡಿತ್ತು. ಮಂದೆ ಕೂಡಿಹಾಕಿಕೊಂಡು ಕಾಯುತ್ತಿದ್ದ ಹಿರಿಯ ಕುರಿಗಾರನೊಬ್ಬ ಸ್ವಲ್ಪ ಹೊತ್ತು ನೋಡಿದ.

"ಏನ್ ಡಾಕ್ಟ್ರೇ, ಕುರೀನ ನಾವ್ ಹಿಡ್ಕಂತೀವಿ. ನಿಮ್ಮನ್ನ ಯಾರ್ ಹಿಡ್ಕಬೇಕು?"

ಕೊನೆಗೆ ಇಬ್ಬರು ಕಂಕುಳಿಗೆ ಕೈ ಕೊಟ್ಟು ಇಳಿಸಿದರು. ಮೊದಲ ಸೂಜಿ ಯಾರಿಗೆ ಹಾಕಬೇಕು ಅನ್ನುವುದರ ಬಗ್ಗೆ ಅವರವರಲ್ಲೇ ಚರ್ಚೆಯೂ ನಡೆಯಿತು.

ನಾನು ಹೇಳದಿದ್ದರೂ ವಿಷಯ ಹೆಂಡತಿಗೆ ತಲುಪಿತು. "ಹೊಳಲ್ಕೆರೆ ಆಫೀಸಲ್ಲಿ ಕುರ್ಚಿ ಕೆಲ್ಸ ಖಾಲಿ ಐತಂತಲ್ಲ, ಅರ್ಜಿ ಹಾಕ್ರಿ" ಎಂದಳು.

"ಬೈಕ್ ಸರಿಮಾಡಿಸಿ ನೋಡ್ತೀನಿ ತಡಿ."

"ಬೈಕಿಗೇನಾಗೈತೆ? ಕೆಟ್ಟಿರೋದು ನೀವು." ಆಮೇಲೆ ಸ್ವಲ್ಪ ಮೆತ್ತಗಾದಳು. "ಆತು. ಈ ತಿಂಗಳು ಮುಗಿಯೋದ್ರೊಳಗೆ ಹರಿಯಬ್ಬೆಗೆ ಹೋಗಿ ನೀವೇ ಇಳೀರಿ. ಇಲ್ಲಾಂದ್ರೆ ಹೊಳಲ್ಕೆರೆ."

ಹೊಳಲ್ಕೆರೆ ಒಳ್ಳೆಯ ಊರೇ. ಆದರೆ ಕಡತದ ಮುಂದೆ ಕೂರಿಸಿದರೆ ನಾನು ದಿನವಿಡೀ ಚಿಂತೆಯನ್ನೇ ಮಾಡುವವನು. ಒದ್ದಾಡುವ ಕುರಿ ಕೈಯಲ್ಲಿದ್ದಾಗ ಮಾತ್ರ ನನ್ನ ತಲೆ ತೆಪ್ಪಗಿರುತ್ತದೆ. ಇದನ್ನು ಅರ್ಜಿಯಲ್ಲಿ ಬರೆಯಲು ಜಾಗವಿರುವುದಿಲ್ಲ.

ಐಮಂಗಲದಲ್ಲಿ ಹೆದ್ದಾರಿ ಬದಿಗೆ ಒಬ್ಬ ಮೇಸ್ತ್ರಿ ಇದ್ದಾನೆ. ಮೊದಲು ಲಾರಿ ಡ್ರೈವರುಗಳಿಗೆ ಸೀಟು ಕಟ್ಟಿಕೊಡುತ್ತಿದ್ದವನು, ಈಗ ಬೈಕುಗಳನ್ನೂ ಬೇಕಾದಂತೆ ಮಾರ್ಪಡಿಸುತ್ತಾನೆ. ಕ್ರೂಸರನ್ನು ಎಲ್ಲರ ಬೈಕಿನಂತೆ ಮಾಡಿಕೊಡಪ್ಪ ಎಂದೆ. ಅವನು ಬೈಕಿನ ಕಡೆ ನೋಡಲೇ ಇಲ್ಲ. ಎರಡು ಲಾರಿ ಟೈರು ಒಂದರ ಮೇಲೊಂದಿಟ್ಟು, ಹಲಗೆ ಹಾಕಿ, ಗೋಡೆಯ ಪಕ್ಕಕ್ಕೆ ತಳ್ಳಿದ.

"ಕುಂತ್ಕಳ್ರಿ ಸಾರ್. ಕಣ್ ಮುಚ್ರಿ. ಕೈ ಎಲ್ಲಿಗೆ ಹೋಗ್ತಾವೋ ಅಲ್ಲಿಗೆ ಬಿಡ್ರಿ."

ಕೂತವನ ಭುಜ, ಮೊಣಕೈ, ಮುಂಗೈ, ಮೊಣಕಾಲುಗಳ ನೇರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳುವುದು ಅವನ ಪದ್ಧತಿ. ಆ ಗುರುತುಗಳಿಗೆ ತಕ್ಕಂತೆ ಉಳಿದದ್ದನ್ನೆಲ್ಲ ಕಟ್ಟುತ್ತಾನೆ.

ನಾನು ಕೆಟ್ಟದ್ದು ಇಲ್ಲೇ. ಪಕ್ಕದ ಟೀ ಅಂಗಡಿಯಲ್ಲಿ ನಾಲ್ಕು ಜನ ನೋಡುತ್ತಿದ್ದರು. ಅಳತೆ ತೆಗೆಯುತ್ತಾರೆಂದರೆ ಎದೆ ಉಬ್ಬಿಸಿ ಹೊಟ್ಟೆ ಒಳಗೆಳೆದುಕೊಳ್ಳುವುದು ನನ್ನ ಹಳೇ ಚಾಳಿ. ಟೈಲರ್ ಹತ್ತಿರವೂ ಹಾಗೇ ಮಾಡುತ್ತೇನೆ, ಆಮೇಲೆ ನನ್ನ ಅಂಗಿಯ ಗುಂಡಿಗಳು ಅದರ ಕಷ್ಟ ಅನುಭವಿಸುತ್ತವೆ. ಹಲಗೆಯ ಮೇಲೂ ಪಾಸ್‌ಪೋರ್ಟ್ ಫೋಟೋಗೆ ಕೂತವನಂತೆ ಬಿಗಿಯಾಗಿ ಕೂತೆ.

"ದಿನಾ ಹಿಂಗೇ ಕುಂತ್ಕಂತೀರಾ?" ಎಂದ ಮೇಸ್ತ್ರಿ.

"ಹೂಂ" ಎಂದೆ, ಉಸಿರು ಬಿಡದೆ.

ಕೆಲಸಕ್ಕೆ ಹತ್ತು ದಿನ ಹಿಡಿಯಿತು. ಅಷ್ಟು ದಿನವೂ ನಾನು ಚಿಂತೆ ಮಾಡಿದೆ. ಬ್ರೇಕು ಕಾಲಿಗೆ ಸಿಗುತ್ತದೋ ಇಲ್ಲವೋ, ವೆಲ್ಡಿಂಗು ನಡುದಾರಿಯಲ್ಲಿ ಬಿಟ್ಟುಕೊಂಡರೆ ಹೇಗೆ, ದಾಖಲೆಯಲ್ಲಿರುವ ಬೈಕು ಬೇರೆ ಇದು ಬೇರೆ ಎಂದು ಯಾರಾದರೂ ಅಡ್ಡ ಹಾಕಿದರೆ ಏನು ಹೇಳುವುದು. ದಿನಕ್ಕೆರಡು ಸಲ ಫೋನು ಮಾಡಿದೆ. "ನೀವ್ ಫೋನ್ ಮಾಡೋದ್ ನಿಲ್ಸಿದ್ರೆ ನಾಲ್ಕ್ ದಿನ ಮುಂಚೇನೇ ಆಗ್ತತೆ ಸಾರ್" ಎಂದ.

ಬೈಕು ನೋಡಲು ಚೆನ್ನಾಗಿಯೇ ಬಂದಿತ್ತು. ನೇರ ಹ್ಯಾಂಡಲ್ಲು, ಸಮತಟ್ಟಾದ ಉದ್ದ ಸೀಟು. ಫುಟ್‌ರೆಸ್ಟು ಹಿಂದಕ್ಕೆ ಬಂದು ಮೊಣಕಾಲ ಕೆಳಗೆ ನಿಂತಿತ್ತು, ಗೇರು ಬ್ರೇಕುಗಳೂ ಅದರ ಜೊತೆಗೇ ಸರಿದಿದ್ದವು. ಹಿರಿಯೂರಿನ ಕಡೆ ಹೊರಟೆ. ಎರಡು ಕಿಲೋಮೀಟರು ಸಿಪಾಯಿಯಂತೆ ಹೋದೆ. ಆಮೇಲೆ ಹೊಟ್ಟೆ ತನ್ನ ಜಾಗಕ್ಕೆ ಬಂತು, ಬೆನ್ನು ಬಾಗಿತು, ಹ್ಯಾಂಡಲ್ಲು ದೂರವಾಯಿತು. ಮನೆ ಸೇರುವಷ್ಟರಲ್ಲಿ ಭುಜ ಉರಿಯುತ್ತಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ. ಮೇಸ್ತ್ರಿಯ ತಪ್ಪಲ್ಲ. ನಾನು ಅವನಿಗೆ ತೋರಿಸಿದ ಮನುಷ್ಯನಿಗೆ ಆ ಬೈಕು ಸರಿಯಾಗಿಯೇ ಇತ್ತು.

ಎರಡು ದಿನ ಬಿಟ್ಟು ಹೋಗಿ ನಿಜ ಹೇಳಿದೆ. ಅವನು ನಗಲಿಲ್ಲ.

"ಗೊತ್ತಿತ್ತು ಸಾರ್. ಡ್ರೈವರ್‌ಗಳೂ ಮೊದಲ್ನೇ ಸಲ ಹಿಂಗೇ ಮಾಡ್ತಾರೆ."

"ಮತ್ತೆ ಹೇಳಬಾರದಿತ್ತೇನಪ್ಪ?"

"ಹೇಳಿದ್ರೆ ಇನ್ನೊಂಚೂರು ಉಬ್ಬಿಸ್ತಿದ್ರಿ." ಬೈಕನ್ನು ಒಳಗೆ ತಳ್ಳಿಕೊಳ್ಳುತ್ತ ಹೇಳಿದ: "ನಾಳೆ ಬರ್ರಿ. ಬೆಳಗ್ಗೆ ಬ್ಯಾಡ. ಕೆಲ್ಸ ಎಲ್ಲಾ ಮುಗಿಸ್ಕೊಂಡು, ದಣಿದು ಬರ್ರಿ."

ಮರುದಿನ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಗ್ಗಿ ಬಗ್ಗಿ ಲಸಿಕೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಐಮಂಗಲಕ್ಕೆ ಬಂದಾಗ ಸಂಜೆ ಐದು ಗಂಟೆ. ಹಲಗೆ ಕಂಡದ್ದೇ ಕುಸಿದು ಕೂತೆ. ಕಣ್ಣು ಮುಚ್ಚಲು ಯಾರೂ ಹೇಳಬೇಕಾಗಲಿಲ್ಲ. ಬೆನ್ನು ಬಾಗಿತು, ಕೈಗಳು ಹೊಟ್ಟೆಯ ಹತ್ತಿರ ಬಂದು ಜೋತುಬಿದ್ದವು. ಸುಣ್ಣದ ಕಡ್ಡಿ ಗೋಡೆಯ ಮೇಲೆ ಕರಕರ ಎನ್ನುವುದು ಕೇಳುತ್ತಿತ್ತು.

ಟೀ ಅಂಗಡಿಯಿಂದ ಯಾರೋ ಕೂಗಿದರು: "ಸಾರ್ ಒಂದ್ ಗೇಣು ಕುಗ್ಗಿದಾರಲ್ಲೋ!"

"ಲೇ, ಸುಮ್ನಿರ್ರಲೇ" ಎಂದ ಮೇಸ್ತ್ರಿ. "ಸಾರ್ ಈಗ ಸಿಕ್ಕಿದಾರೆ."

ಎದ್ದು ನೋಡಿದರೆ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಅಳತೆ. ಎರಡನೆಯದರ ಭುಜ ಒಂದು ಗೇಣು ಕೆಳಗೆ. ಬೇಜಾರಾಗಬೇಕಿತ್ತು. ಬೇಜಾರು ಮಾಡಿಕೊಳ್ಳುವಷ್ಟು ಶಕ್ತಿಯೂ ಅವತ್ತು ಉಳಿದಿರಲಿಲ್ಲ.

ತಿಂಗಳು ಮುಗಿಯಲು ಎರಡು ದಿನವಿರುವಾಗ ಹರಿಯಬ್ಬೆಗೆ ಹೊರಟೆ. ಪರೀಕ್ಷಕಿಯಾಗಿ ಹೆಂಡತಿ ಹಿಂದೆ ಕೂತಳು. ಲಸಿಕೆಯ ಐಸ್ ಡಬ್ಬಿ ಅವಳ ತೊಡೆಯ ಮೇಲಿತ್ತು. ಹ್ಯಾಂಡಲ್ಲು ಈಗ ನನ್ನ ಬಾಗಿದ ಬೆನ್ನಿಗೆ ಸರಿಯಾಗಿ ಹತ್ತಿರ ಬಂದಿತ್ತು. ನೋವು ಹೋಗಿತ್ತು ಎಂದರೆ ಸುಳ್ಳು, ನಮ್ಮ ಜೊತೆಗೇ ಮೂರನೆಯವನಾಗಿ ಬಂತು. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಂಡೆ. ಅವಳು ಲೆಕ್ಕ ಇಟ್ಟುಕೊಳ್ಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು.

ಊರ ಮುಂದೆ ಅವಳು ಮೊದಲು ಇಳಿದು, ನಾಲ್ಕು ಹೆಜ್ಜೆ ದೂರ ನಿಂತು ನೋಡಿದಳು. ನಾನು ಸ್ಟ್ಯಾಂಡು ಹಾಕಿದೆ, ಟ್ಯಾಂಕಿನ ಮೇಲೆ ಕೈಯೂರಿದೆ, ಕಾಲನ್ನು ನಿಧಾನಕ್ಕೆ ಈಚೆ ತಂದೆ. ಅರ್ಧಕ್ಕೆ ಒಮ್ಮೆ ನಿಂತೆ. ಆಮೇಲೆ ಇಳಿದೆ.

ಅವಳು ಐಸ್ ಡಬ್ಬಿಯ ಮುಚ್ಚಳ ತೆಗೆದು ಇಣುಕಿದಳು.

"ಐಸ್ ಅರ್ಧ ಕರಗೈತೆ" ಎಂದಳು. "ನಾಳೆಯಿಂದ ಅರ್ಧ ಗಂಟೆ ಮುಂಚೆ ಹೊರಡ್ರಿ."