ಮಣ್ಣಿಗೆ ಹೋದ ಭಾನುವಾರಗಳು

ಐವತ್ತು ದಾಟಿದ ಗೃಹಸ್ಥನು ಸಾವಿನ ಕುರಿತು ಆಗಾಗ ಚಿಂತಿಸಬೇಕು. ಅದರಿಂದ ಮನಸ್ಸು ಹದಕ್ಕೆ ಬರುತ್ತದೆ, ಆಸೆಗಳು ತಗ್ಗುತ್ತವೆ ಎನ್ನುತ್ತಾರೆ ತಿಳಿದವರು. ಆ ವಯಸ್ಸಿಗೆ ಬಂದ ಮೇಲೆ ನಾನೂ ಸಾವಿನ ಕುರಿತು ತಪ್ಪದೆ ಚಿಂತಿಸಿದೆ. ಆದರೆ ಬೇರೆಯವರ ಸಾವು, ಅದೂ ಭಾನುವಾರ ಬೆಳಿಗ್ಗೆ, ಕಾರಿನ ಕೀಲಿ ಹುಡುಕುತ್ತ.

ನಮ್ಮದು ದೊಡ್ಡಬಳ್ಳಾಪುರದ ನೇಯ್ಗೆಯ ಮನೆ. ಹಿಂಭಾಗದಲ್ಲಿ ಪವರ್‌ಲೂಮ್ ಮಗ್ಗಗಳು, ಮುಂಭಾಗದಲ್ಲಿ ನಾನು ಮತ್ತು ನನ್ನ ಹೆಂಡತಿ. ನೇಯ್ದ ಸೀರೆಗಳನ್ನು ಕಾರಿಗೆ ತುಂಬಿ ಬೆಂಗಳೂರಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಮಡಿಕೆ ಕೆಡಬಾರದೆಂದು ದಾರಿಯ ಒಂದೊಂದು ರೋಡ್ ಹಂಪ್‌ಗೂ ಕಾರಿನಿಂದ ನಮಸ್ಕಾರ ಮಾಡಿಸಿ ದಾಟಿಸುವ ಮನುಷ್ಯ. ಇಂಥವನನ್ನು ರೇಸಿಗೆ ಕರೆದುಕೊಂಡು ಹೋಗಬೇಕೆಂಬ ಯೋಚನೆ ಬಂದದ್ದು ನನ್ನ ಸ್ಕೂಲಿನ ಗೆಳೆಯನಿಗೆ. ಅವನಿಗೆ ಬಾಶೆಟ್ಟಿಹಳ್ಳಿ ರಸ್ತೆಯಲ್ಲಿ ಟಯರ್ ಅಂಗಡಿಯಿದೆ. ಟಯರ್ ಸವೆಸುವ ಯಾವ ಹವ್ಯಾಸವನ್ನೂ ಅವನು ತುಂಬು ಮನಸ್ಸಿನಿಂದ ಹರಸುತ್ತಾನೆ.

"ಟಿವೀಲಿ ಬರೋ ಥರ ಅಲ್ಲ ಕಣೋ," ಎಂದ. "ಮಣ್ಣಿನ ಮೈದಾನ. ಟ್ರಾಫಿಕ್ ಕೋನ್ ಇಟ್ಟಿರ್ತಾರೆ. ಒಬ್ಬೊಬ್ಬರೇ ಸುತ್ಕೊಂಡ್ ಬರೋದು, ಟೈಮ್ ಬರ್ಕೊಳೋದು, ಅಷ್ಟೇಯ. ನಿನ್ ಗಾಡೀನೇ ಸಾಕು."

"ಅದ್ರಲ್ಲಿ ಸೀರೆ ಸಾಗಿಸ್ತೀನಿ ಕಣೋ."

"ಭಾನುವಾರ ಸೀರೆಗೂ ರಜ ಅಲ್ವೇನ್ಲಾ?"

ಮೈದಾನ ಹೊಸಕೋಟೆ ದಾಟಿ ಸಮೇತನಹಳ್ಳಿ ಕಡೆಗಿತ್ತು. ಯಾರೋ ಲೇಔಟ್ ಮಾಡಲು ಹೊರಟು, ನೆಲ ಸಮ ಮಾಡಿಸಿ, ಅಷ್ಟಕ್ಕೇ ಕೈಬಿಟ್ಟ ಜಾಗ. ಓಡಿಸುವ ಮೊದಲು ಕಾರಿನ ತಪಾಸಣೆ. "ಒಳಗೆ ಅಲ್ಲಾಡೋ ಐಟಂ ಏನೂ ಇರಬಾರದು ಸಾರ್," ಎಂದು ಒಬ್ಬಾತ ನನ್ನ ಸಂಸಾರವನ್ನೆಲ್ಲ ಹೊರಗೆ ತೆಗೆದಿಟ್ಟ. ಛತ್ರಿ, ಸೀರೆ ಪೆಟ್ಟಿಗೆಯ ರಟ್ಟು, ಹೆಂಡತಿಯ ಬಾಚಣಿಗೆ, ಯಾವುದೋ ಮದುವೆಯ ತಾಂಬೂಲದ ಚೀಲ. ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಅಲ್ಲಾಡಿಸಿ ನೋಡಿದ. ಅಂಟು ಗಟ್ಟಿಯಾಗಿತ್ತು. "ಇವ್ರು ಇರ್ಲಿ ಬಿಡಿ," ಎಂದ.

ದಾರಿ ನೆನಪಿಟ್ಟುಕೊಳ್ಳಲು ಮೊದಲು ಎಲ್ಲರೂ ಕಾಲ್ನಡಿಗೆಯಲ್ಲಿ ಕೋನ್‌ಗಳನ್ನು ಸುತ್ತಿ ಬರಬೇಕು. ನಾನೂ ಪ್ರದಕ್ಷಿಣೆ ಹಾಕುವ ಭಕ್ತಿಯಿಂದ ಸುತ್ತಿದೆ. ಕಾರಿನಲ್ಲಿ ಕುಳಿತದ್ದೇ ಎಲ್ಲ ಮರೆತು ಎರಡನೆಯ ಕೋನನ್ನು ಅಪ್ರದಕ್ಷಿಣವಾಗಿ ಸುತ್ತಿ, ಮೂರನೆಯದನ್ನು ಕೆಡವಿ ಮುಂದೆ ಹೋದೆ. ಗೆಳೆಯ ಆಚೆಯಿಂದ, "ಲೇ, ಮದುವೆ ಹೆಣ್ಣು ಕೂತಿದಾಳೇನೋ ಹಿಂದೆ? ತುಳಿಯೋ!" ಎಂದು ಕೂಗಿದ. ತುಳಿದೆ. ಕೊನೆಯ ತಿರುವಿನಲ್ಲಿ ಕಾರಿನ ಹಿಂಭಾಗ ಮಣ್ಣಿನ ಮೇಲೆ ಜಾರಿ ಅರ್ಧಚಂದ್ರಾಕಾರವಾಗಿ ಬೀಸಿತು. ಸೀರೆಯ ಸುಕ್ಕಿಗೆ ಹೆದರಿಯೇ ಬಾಳಿದ ಕಾರು ಅದು. ಹೆಲ್ಮೆಟ್ಟಿನೊಳಗೆ ನಾನು ಒಬ್ಬನೇ ನಗುತ್ತಿರುವುದು ನನಗೇ ಕೇಳಿಸಿತು. ಮರ್ಯಾದಸ್ಥನಾದವನು ಅಲ್ಲಿಗೇ ಇಳಿದು ಮನೆಗೆ ಹೋಗಬೇಕಿತ್ತು. ನಾನು ಮತ್ತೆ ಸಾಲಿನಲ್ಲಿ ನಿಂತೆ.

ಮನೆ ಸೇರಿದಾಗ ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಬಾಗಿಲಲ್ಲೇ ಹೆಂಡತಿ.

"ಇದೇನ್ರೀ ಅವತಾರ? ಎಲ್ಲಿಗ್ ಹೋಗಿದ್ರಿ?"

'ಮಣ್ಣಿನ ಮೈದಾನಕ್ಕೆ ರೇಸಿಗೆ ಹೋಗಿದ್ದೆ' ಎನ್ನುವುದು ನನ್ನ ಉದ್ದೇಶವಾಗಿತ್ತು. ಧೈರ್ಯ ನಡುವೆ ಕೈಕೊಟ್ಟಿತು. ಮೈದಾನ, ರೇಸು ಎರಡೂ ಗಂಟಲಲ್ಲೇ ಉಳಿದು, "ಮಣ್ಣಿಗೆ ಹೋಗಿದ್ದೆ" ಎಂದಷ್ಟು ಹೊರಬಿತ್ತು. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಒಂದೇ ಅರ್ಥ: ಸತ್ತವರನ್ನು ಮಣ್ಣು ಮಾಡಿ ಬರುವುದು.

"ಅಯ್ಯೋ! ಅಲ್ಲೇ ನಿಲ್ರೀ, ಹೊಸಿಲು ತುಳೀಬೇಡಿ."

ಮಣ್ಣಿಗೆ ಹೋಗಿ ಬಂದವರು ಹೊರಗೇ ತಲೆಗೆ ನೀರು ಹುಯ್ದುಕೊಂಡು, ಉಟ್ಟ ಬಟ್ಟೆ ನೆನೆಸಿಟ್ಟು ಒಳಗೆ ಬರಬೇಕು. ಅಂಗಳದ ನಲ್ಲಿಯ ಹತ್ತಿರ ನನ್ನನ್ನು ಕೂರಿಸಿ, ಮೈ ತಾಕದಂತೆ ಅವಳೇ ಬಕೆಟ್ಟಿನಿಂದ ನೀರು ಹುಯ್ದಳು. ಸಾಕ್ಷ್ಯವೆಲ್ಲ ಕೆಂಪಾಗಿ ಮೋರಿಗೆ ಹರಿದುಹೋಯಿತು.

"ಯಾರು ಹೋಗಿದ್ದು?"

"ನೂಲಿನ ವ್ಯಾಪಾರದೋರೊಬ್ರು."

"ಪಾಪ. ವಯಸ್ಸಾಗಿತ್ತಾ?"

"ಆಗಿತ್ತು," ಎಂದೆ, ನನ್ನ ಕಾರನ್ನು ನೆನೆದು.

ಹೀಗೆ ಶುರುವಾಯಿತು. ಸಾವಿನಷ್ಟು ಅನುಕೂಲವಾದ ನೆಪ ಇನ್ನೊಂದಿಲ್ಲ. ಅದಕ್ಕೆ ಆಮಂತ್ರಣ ಪತ್ರಿಕೆ ಇರುವುದಿಲ್ಲ, ನಾಳೆ ಹೋದರಾಗದೇ ಎಂದು ಯಾರೂ ಕೇಳುವುದಿಲ್ಲ, ಮನೆಗೆ ಬಂದರೆ ಸ್ನಾನ ಕಡ್ಡಾಯ. ಮೈದಾನದಲ್ಲಿ ಓಟ ಇದ್ದ ಭಾನುವಾರಗಳಲ್ಲಿ ಗೆಳೆಯ ಬೆಳಿಗ್ಗೆ ಫೋನ್ ಮಾಡುತ್ತಿದ್ದ. ನಾನು ಮುಖ ಇಳಿಬಿಟ್ಟುಕೊಂಡು, "ಹೌದಾ... ಛೆ... ಎಷ್ಟ್ ಹೊತ್ತಿಗೆ?" ಎನ್ನುತ್ತಿದ್ದೆ. ಆ ಕಡೆಯಿಂದ, "ಯಾಕ್ಲಾ ಅಳ್ತಾ ಇದೀಯ? ಬರ್ತಾ ಸ್ಟೆಪ್ನಿ ಇಳಿಸ್ಬಿಟ್ ಬಾ, ಗಾಡಿ ಹಗುರಾಗ್ತದೆ."

ನೂಲಿನವರು ಮುಗಿದ ಮೇಲೆ ಬಣ್ಣದ ಅಂಗಡಿಯ ಯಜಮಾನರನ್ನು ಕಳಿಸಿಕೊಟ್ಟೆ. ಮಾರ್ಕೆಟ್ಟಿನ ಒಬ್ಬಿಬ್ಬರು ಹಿರಿಯರನ್ನೂ. ಅಷ್ಟರಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕಾರು ತಿರುಗಿಸುವುದು ಕೈಗೆ ಹತ್ತುತ್ತಿತ್ತು, ಕೋನ್‌ಗಳು ಮೊದಲಿನಷ್ಟು ಬೀಳುತ್ತಿರಲಿಲ್ಲ. ಹೃದಯ ಮಾತ್ರ ಹಗುರಾಗಲಿಲ್ಲ. ಏಕೆಂದರೆ ನಾನು ಮಣ್ಣಿಗೆ ಹೋದ ದಿನ ಅವಳು ಊಟ ಮಾಡುತ್ತಿರಲಿಲ್ಲ. ನನ್ನ ಸ್ನಾನ ಆದ ಮೇಲೆಯೇ ಬಿಸಿ ಅನ್ನ, ಸಾರು ಮಾಡಿ, ನನಗೆ ಬಡಿಸಿ, ಆಮೇಲೆ ತಾನು ಕೂರುತ್ತಿದ್ದಳು. ಒಂದು ದಿನ ಪಕ್ಕದ ಮನೆಯಾಕೆಗೆ ಅವಳು ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ನಮ್ಮನೆಯೋರು ಏನೇ ಕೆಲಸ ಇರ್ಲಿ, ಯಾರ ಮಣ್ಣೂ ತಪ್ಪಿಸಲ್ಲ ಕಣಕ್ಕ." ಬೀದಿಯ ಹಿರಿಯರು ನನ್ನನ್ನು ಕಂಡರೆ ತುಸು ತಲೆ ಬಾಗಿಸತೊಡಗಿದ್ದರು. ನಾನೂ ಬಾಗಿಸುತ್ತಿದ್ದೆ. ನಾಚಿಕೆಗೂ ಗಾಂಭೀರ್ಯಕ್ಕೂ ತಲೆ ಬಾಗುವ ರೀತಿ ಒಂದೇ ಇರುವುದು ನನಗೆ ಉಪಕಾರವಾಯಿತು.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬ ನಮ್ಮ ಮನೆಯಲ್ಲಿ ಅವಳದು. ಮದುವೆಯಾದಂದಿನಿಂದ ಒಂದು ವರ್ಷವೂ ಬಿಟ್ಟಿಲ್ಲ. ಈ ಸಲ ಅಮ್ಮನವರಿಗೆಂದೇ ನಮ್ಮ ಮಗ್ಗದಲ್ಲಿ ಒಂದು ಸೀರೆ ನೇಯಿಸಿದ್ದಳು. ಗಿಣಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಬಣ್ಣ ಒಪ್ಪಿಗೆಯಾಗದೆ ಎರಡು ಸಲ ನೂಲು ವಾಪಸ್ ಕಳಿಸಿದ್ದಳು.

ಹಬ್ಬದ ಹಿಂದಿನ ಭಾನುವಾರ ಓಟವಿತ್ತು. ಮುಗಿಸಿ ಬಂದು ಸ್ನಾನಕ್ಕೆ ಕೂತಾಗ ಎಂದಿನಂತೆ, "ಯಾರ್ರೀ?" ಎಂದಳು. ವ್ಯಾಪಾರಸ್ಥರ ದಾಸ್ತಾನು ಮುಗಿದಿತ್ತು. ಪರಿಚಿತರ ಹೆಸರು ಹೇಳಿದರೆ ನಾಳೆ ಬೀದಿಯಲ್ಲಿ ಎದುರಾದರೆ ಕಷ್ಟ. ಅವಳು ನೋಡಿರದವರು ಯಾರೆಂದು ಹುಡುಕಿ, "ದೇವನಹಳ್ಳಿ ಕಡೆ ನಮ್ಮ ದಾಯಾದಿ ಅಜ್ಜ ಒಬ್ರು" ಎಂದುಬಿಟ್ಟೆ.

ನೀರು ಹುಯ್ಯುತ್ತಿದ್ದ ಕೈ ನಿಂತಿತು.

"ದಾಯಾದಿನಾ? ಹಂಗಾದ್ರೆ ನಮ್ಗೆ ಸೂತಕ."

ರಕ್ತಸಂಬಂಧದ ಮನೆಯಲ್ಲಿ ಸಾವಾದರೆ ಹತ್ತು ದಿನ ದೇವರ ಮನೆ ಬಾಗಿಲು ತೆರೆಯುವಂತಿಲ್ಲ. ಮೂಗಿನ ತುದಿಯವರೆಗೆ ಮಾತ್ರ ದೃಷ್ಟಿಯಿದ್ದ ನನಗೆ ಅದು ಹೊಳೆದಿರಲಿಲ್ಲ.

"ಬಹಳ ದೂರದೋರು ಕಣೇ. ಮೂರು ದಿನ ಸಾಕು."

"ನಿಮ್ ವಂಶದೋರು. ನೀವೇ ಹಿಂಗಂದ್ರೆ ಹೆಂಗ್ರೀ?"

ನನ್ನ ವಂಶದ ಮೇಲೆ ನನಗಿಂತ ಅವಳಿಗೆ ಗೌರವ. ಅವತ್ತೇ ಸಂಜೆ ಕರೆದಿದ್ದವರಿಗೆಲ್ಲ ಫೋನ್ ಮಾಡಿ, ಈ ಸಲ ಹಬ್ಬ ಇಲ್ಲ ಎಂದಳು. ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವ ಶಾಸ್ತ್ರಕ್ಕೆ ನಾನೊಬ್ಬನೇ ಹೋಗಿ ಬರುವುದಾಗಿ ಹೇಳಿ, ಟಯರ್ ಅಂಗಡಿಯಲ್ಲಿ ಕೂತು ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಸಿಕೊಂಡು ಬಂದೆ. ಗೆಳೆಯನಿಗೆ ವಿಷಯ ಹೇಳಿದೆ. ಅವನು ನಗಲಿಲ್ಲ. "ಲೇ, ಇದು ಜಾಸ್ತಿ ಆಯ್ತು ಕಣೋ. ಹೋಗ್ ಹೇಳ್ಬಿಡು," ಎಂದ.

ಶುಕ್ರವಾರ ಬೀದಿಯ ಎಲ್ಲ ಬಾಗಿಲಿಗೂ ಮಾವಿನ ತೋರಣ. ನಮ್ಮ ಬಾಗಿಲು ಬರಿದು. ಅರಿಶಿನ ಕುಂಕುಮಕ್ಕೆ ಓಡಾಡುತ್ತಿದ್ದ ಹೆಂಗಸರು ನಮ್ಮ ಮನೆಯ ಮುಂದೆ ಮಾತ್ರ ದನಿ ತಗ್ಗಿಸಿ ಮುಂದೆ ಹೋದರು. ಅವಳು ಹಸಿರು ಸೀರೆಯನ್ನು ಬಿಚ್ಚಿ, ಮತ್ತೆ ಅದೇ ಮಡಿಕೆಗೆ ಮಡಿಸಿ ಬೀರುವಿಗಿಟ್ಟಳು. "ಹೋಗ್ಲಿ ಬಿಡಿ, ದೊಡ್ಡೋರು ಹೋಗಿದಾರೆ. ತಾಯಿಗೆ ಗೊತ್ತಾಗಲ್ವಾ?" ಎಂದು ನನಗೇ ಸಮಾಧಾನ ಹೇಳಿದಳು. ಈಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕಾಫಿ ಕೇಳಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಹೊರಟು ನಿಂತಿದ್ದಳು. ಕೈಯಲ್ಲಿ ಹೂವು, ಊದುಬತ್ತಿ, ತಟ್ಟೆ ಮುಚ್ಚಿದ ಹಾಲಿನ ಚೊಂಬು.

"ಕಾರ್ಯಕ್ಕೆ ನಾನೂ ಬರ್ತೀನಿ. ಸೊಸೆ ಅನ್ನಿಸ್ಕೊಂಡೋಳು ಒಂದ್ ಸಲನಾದ್ರೂ ಮುಖ ತೋರಿಸ್ಬೇಡ್ವಾ?"

ಕಾರು ಹೊರಟಿತು. ಹಾಲು ತುಳುಕದಂತೆ ಒಂದೊಂದು ಹಂಪನ್ನೂ ನಿಧಾನ ದಾಟಿಸಿದೆ.

"ದೇವನಹಳ್ಳಿ ಬಿಟ್ ಬಂದ್ವಲ್ರೀ?"

"ಮುಂದಿದೆ."

ಮೈದಾನದಲ್ಲಿ ಯಾರೂ ಇರಲಿಲ್ಲ. ಕೋನ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನೆಲದ ತುಂಬ ಟಯರಿನ ಸುತ್ತುಗಳು. ಅವಳು ಇಳಿದು, ಚಪ್ಪಲಿ ಬಿಟ್ಟು, ಚೊಂಬು ಹಿಡಿದು ಸುತ್ತ ನೋಡಿದಳು.

"ಎಲ್ರೀ ಮಣ್ಣು ಮಾಡಿರೋದು?"

"ಮಾಡಿಲ್ಲ. ನಾನು ಬರ್ತಿದ್ದ ಮಣ್ಣು ಇದೇ," ಎಂದೆ. ಆಮೇಲೆ ಎಲ್ಲ ಹೇಳಿದೆ. ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ.

ಅವಳು ಚೊಂಬಿನ ಮೇಲಿನ ತಟ್ಟೆಯನ್ನು ಸರಿಯಾಗಿ ಮುಚ್ಚಿದಳು.

"ನೂಲಿನೋರು?"

"ಇದಾರೆ."

"ಬಣ್ಣದಂಗಡಿ ಯಜಮಾನ್ರು?"

"ಅವರೂ ಇದಾರೆ."

"ಅಜ್ಜ?"

"ಅವರು ಹುಟ್ಟೇ ಇಲ್ಲ."

"ನನ್ ಹಬ್ಬ?"



ಅವಳು ಚಪ್ಪಲಿ ಮೆಟ್ಟಿಕೊಂಡು ಕಾರಿನಲ್ಲಿ ಕೂತಳು. ಮನೆಯವರೆಗೂ ಚೊಂಬು ಅವಳ ಮಡಿಲಲ್ಲಿತ್ತು. ಯಾರೂ ಸತ್ತಿರಲಿಲ್ಲವಾದ್ದರಿಂದ ಅದು ಬರೀ ಹಾಲು. ಮನೆಗೆ ಬಂದು ಕಾಯಿಸಿ ಹೆಪ್ಪು ಹಾಕಿದಳು. ತಪ್ಪಿದ ಹಬ್ಬವನ್ನು ಶ್ರಾವಣದ ಇನ್ನೊಂದು ಶುಕ್ರವಾರ ಮಾಡಬಹುದು. ಎರಡು ದಿನ ಬಿಟ್ಟು ಮಾಡಿದಳು. ಅಮ್ಮನವರಿಗೆ ಹಸಿರು ಸೀರೆ ಉಡಿಸಿದಳು. ಬಂದ ಹೆಂಗಸರು ಕೇಳಿದಾಗ, "ಸೂತಕ ಕಳೀತು" ಎಂದಷ್ಟೇ ಹೇಳಿದಳು. ನನ್ನ ಸಲುವಾಗಿ ಅವಳ ಬಾಯಲ್ಲೂ ಒಂದು ಅರ್ಧ ಸತ್ಯ ಬಂತು. ಕಂಬದ ಹಿಂದೆ ನಿಂತು ಅದನ್ನು ಕೇಳಿಸಿಕೊಂಡೆ.

ಈಗಲೂ ಓಡಿಸುತ್ತೇನೆ, ರೇಸಿಗೆಂದು ಹೇಳಿಯೇ ಹೋಗುತ್ತೇನೆ. ಅವಳು ಬೇಡವೆನ್ನುವುದಿಲ್ಲ. ಹೋದ ಸಲ ಕೊನೆಯಿಂದ ಮೂರನೆಯವನಾದೆ. ವಾಪಸ್ ಬಂದಾಗ ಅಂಗಳದ ನಲ್ಲಿಯ ಕೆಳಗೆ ಬಕೆಟ್ ಇರುತ್ತದೆ. ನೀರು ನಾನೇ ಹುಯ್ದುಕೊಳ್ಳುತ್ತೇನೆ.