ಬಲಕ್ಕೂ ಬೀಳದ, ಎಡಕ್ಕೂ ಬೀಳದ ಹೂ

ಎದೆಯ ಗಂಟು ತೆಗೆಸಿಕೊಳ್ಳಲು ಹುಬ್ಬಳ್ಳಿಗೆ ಹೋಗುವ ಮೊದಲು ರಟ್ಟೀಹಳ್ಳಿಯ ಅಕ್ಕ ಹಾನಗಲ್ಲಿನ ನಮ್ಮ ಮನೆಗೆ ಬಂದಳು. ಮೈಮೇಲಿನ ಬಂಗಾರ ಬಿಚ್ಚಿ ಜೋಪಾನಕ್ಕೆ ಕೊಡುತ್ತಾಳೆ ಅಂದುಕೊಂಡೆ. ಕೊಟ್ಟದ್ದು ಒಂದು ಕುಂಡ! ಅದರಲ್ಲಿ ಅವಳು ಮಗುವಿನಂತೆ ಸಾಕಿದ್ದ ಮೇಣದ ಹೂವಿನ ಬಳ್ಳಿ.

"ಕಿಟಕ್ಯಾಗ ಇಡು. ನೀರ ಭಾಳ ಹಾಕಬ್ಯಾಡ, ಬೇರ ಕೊಳಿತಾವು. ಮೊಗ್ಗ ಬಂದ ಮ್ಯಾಲೆ ಕುಂಡ ಅಲಗಾಡಸಬ್ಯಾಡ. ಹೂವಿನ ತೊಟ್ಟಂತೂ ಮುರೀಲೇಬ್ಯಾಡ, ಮುಂದಿನ ಸಲ ಅದ ತೊಟ್ಟಿಗೇ ಹೂ ಬರತಾವು. ನಾ ಹೊಳ್ಳಿ ಬರೂದ್ರಾಗ ಅರಳಿರಬೇಕ ನೋಡ," ಅಂದಳು.

ನನ್ನದು ಮೊದಲೇ ಹೆದರುಪುಕ್ಕಲು ಜೀವ. ಒಂದು ಎಲೆ ಹಳದಿಯಾದರೂ ಉಳಿದವನ್ನೆಲ್ಲ ಎಣಿಸುತ್ತಿದ್ದೆ. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಕುಂಡದ ಮಣ್ಣಿಗೆ ಬೆರಳು ಹಾಕಿ ನೋಡುತ್ತಿದ್ದೆ. ಬಳ್ಳಿಗೂ ಅಕ್ಕನ ಗಂಟಿಗೂ ಏನು ಸಂಬಂಧ? ಏನೂ ಇಲ್ಲ, ನನಗೂ ಗೊತ್ತು. ಆದರೂ ನಾಲಿಗೆ ನೋಯುವ ಹಲ್ಲಿನ ಕಡೆಗೇ ಹೊರಳುತ್ತದಲ್ಲ.

ಆಪರೇಷನ್ ಆಯಿತು. ಗಂಟನ್ನು ಪರೀಕ್ಷೆಗೆ ಕಳಿಸಿದ್ದರು. ಕೆಟ್ಟ ಗಂಟೋ ಅಲ್ಲವೋ ಎಂಬುದು ರಿಪೋರ್ಟ್ ಬಂದಮೇಲೇ ಗೊತ್ತಾಗಬೇಕು. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಆ ಮಾತು ಮಾತ್ರ ಎತ್ತುತ್ತಿರಲಿಲ್ಲ. "ಮೊಗ್ಗ ಎಷ್ಟ ದೊಡ್ಡು ಆದ್ವು?" ಅದೊಂದೇ ಪ್ರಶ್ನೆ. ನನಗೂ ಕೇಳುವ ಧೈರ್ಯವಿರಲಿಲ್ಲ.

ಕಡೆಗೂ ಅರಳಿತು. ಒಂದೇ ತೊಟ್ಟಿನಲ್ಲಿ ಗೊಂಚಲಾಗಿ ತಿಳಿಗುಲಾಬಿ ಬಣ್ಣದ ಪುಟ್ಟ ಹೂಗಳು, ಒಂದೊಂದರ ನಡುವೆಯೂ ಜೇನಿನಂಥ ಅಂಟು ಹನಿ. ಸಂತೆಗೆ ಹೋಗಿ ಬಂದು ಫೋಟೋ ಕಳಿಸೋಣವೆಂದು ಹೊರಟೆ. ಮಧ್ಯಾಹ್ನ ತಿರುಗಿ ಬಂದರೆ ಗೊಂಚಲೇ ಇಲ್ಲ! ಕೈಗೆ ಬಂದ ತುತ್ತು ಬಾಯಿಗಿಲ್ಲ. ತೊಟ್ಟನ್ನು ಬುಡಕ್ಕೇ ಮುರಿದಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ ಒಬ್ಬರೇ.

"ಅತ್ತೀ! ಬಳ್ಳಿ ಹೂ ಏನ ಮಾಡಿದ್ರಿ?" ಎಂದು ಕೂಗುತ್ತಲೇ ದೇವರ ಮನೆಗೆ ನುಗ್ಗಿದೆ.

ಅತ್ತೆ ಹಿತ್ತಾಳೆಯ ಹಣಮಪ್ಪನ ಮುಂದೆ ಕೂತಿದ್ದರು. ಬೆಳಗಿನ ಚಹಾ ಕೂಡ ಕುಡಿದಿರಲಿಲ್ಲ. ಅಕ್ಕನ ಸಲುವಾಗಿ ಮೂರ್ತಿಗೆ ಹೂ ಹಚ್ಚಿ ದೇವರನ್ನು ಕೇಳಿದ್ದರು. ಹೂ ಬಲಕ್ಕೆ ಬಿದ್ದರೆ ಒಳ್ಳೆಯದು, ಎಡಕ್ಕೆ ಬಿದ್ದರೆ ಕೇಡು. ಆ ಹೂ ಮಾತ್ರ ಹಣಮಪ್ಪನ ಎದೆಯ ಮೇಲೆ ಹಾಗೇ ಕೂತಿತ್ತು.

"ಮುಂಜಾನಿಂದ ಕುಂತೇನಿ. ಬಲಕ್ಕೂ ಒಲ್ಲದು, ಎಡಕ್ಕೂ ಒಲ್ಲದು. ಗಾಳಿಗಾದ್ರೂ ಬೀಳಲಿ ಅಂತ ಫ್ಯಾನ್ ಹಚ್ಚೇನಿ. ಹಣಮಪ್ಪ ನನ್ನ ಮ್ಯಾಲೆ ಸಿಟ್ಟಾಗ್ಯಾನೇನ?"

"ಅದು ಅಂಟ ಹೂವರೀ ಅತ್ತೀ, ಹೆಂಗ ಬೀಳಬೇಕ ಅದು? ಹಿತ್ತಲದಾಗ ದಾಸಾಳ ಇರಲಿಲ್ಲೇನ್ರಿ?"

"ಆಕೀ ಸಲುವಾಗಿ ಕೇಳೂದು, ಆಕೀ ಹೂವ ಬ್ಯಾಡೇನು?"

ಬೈಯಬೇಕೆಂದು ಬಂದವಳು ಪಕ್ಕದಲ್ಲೇ ಕೂತೆ. ಇಂಥದ್ದನ್ನೆಲ್ಲ ನಂಬದವಳು ನಾನು. ಆದರೆ ಫ್ಯಾನಿನ ಗಾಳಿಗೆ ಹೂವಿನ ಒಂದು ಅಂಚು ಎದ್ದು ಎಡಕ್ಕೆ ವಾಲಿದಂತೆ ಕಂಡಾಗ ನನಗೇ ತಿಳಿಯದಂತೆ ಕೈ ಮುಗಿದಿದ್ದೆ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಡೆದದ್ದನ್ನೆಲ್ಲ ಹೇಳಿದೆ.

"ತೊಟ್ಟ ಸಮೇತ ಮುರದಾರ?" ಅಂದಳು.

"ಹ್ಞೂಂ."

ಬೈಯುತ್ತಾಳೆ ಅಂದುಕೊಂಡೆ.

"ಹೂ ಬಿದ್ದೈತೇನ?"

"ಇಲ್ಲ."

"ರಿಪೋರ್ಟ್ ನಾಳೆ ಕೊಡತಾರಂತ," ಅಂದಳು ಅಕ್ಕ. ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. "ಅದನ್ನ ಮುಟ್ಟಬ್ಯಾಡ ತಂಗೀ. ನಾಳೆತನಾ ಹಂಗ ಇರಲಿ. ನನಗ ಭಾಳ ಅಂಜಕಿ ಆಗಾಕತ್ತೈತಿ."

ನಾನು ಎದ್ದು ಫ್ಯಾನ್ ಬಂದ್ ಮಾಡಿದೆ.