ಹಗ್ಗವಿಲ್ಲದ ಹೊಂಡ

ಈ ಘಟನೆ ಹೇಳಿದಾಗಲೆಲ್ಲ ನನ್ನ ಗಂಡ ನಗುತ್ತಾನೆ. "ಹೊಂಡದ ನೀರು ಕುಡಿದು ತಲೆ ತಿರುಗಿರ್ಬೇಕು ಕಣೇ ನಿಂಗೆ." ನಾನು ಜಗಳಕ್ಕೆ ಹೋಗುವುದಿಲ್ಲ. ಬಲಗೈ ಬಿಚ್ಚಿ ತೋರಿಸುತ್ತೇನೆ. ಹಗ್ಗ ಉಜ್ಜಿ ಸುಲಿದ ಗಾಯದ ಗುರುತು ಅಂಗೈಯಲ್ಲಿ ಇನ್ನೂ ಇದೆ. ತಲೆ ತಿರುಗಿದರೆ ಅಂಗೈ ಯಾಕೆ ಸುಲಿಯುತ್ತದೆ, ಅವನೇ ಹೇಳಲಿ.

ನನ್ನ ತಂಗಿ ಪಲ್ಲವಿಗೆ ಮದುವೆ ಗೊತ್ತಾಗಿತ್ತು. "ಮದ್ವೆಗೆ ಮುಂಚೆ ಒಂದೇ ಒಂದ್ಸಲ ಬೀಚಿಗೆ ಕರ್ಕೊಂಡೋಗೇ ಅಕ್ಕ" ಎಂದು ಹಠ ಹಿಡಿದಳು. ನಾವು ಮುಳಬಾಗಿಲಿನವರು; ನಮಗೂ ಸಮುದ್ರಕ್ಕೂ ಯಾವ ಜನ್ಮದ ನಂಟು? ಅಷ್ಟು ದೂರ ಅಪ್ಪ ಕಳಿಸಲಿಲ್ಲ. ಟೇಕಲ್ ಕಡೆ ಕಲ್ಲು ಕ್ವಾರಿಯಲ್ಲಿ ನೀರು ನಿಂತಿದೆ, ಈಜಬಹುದು ಎಂದು ಯಾರೋ ಅಂದರು. "ಅಲ್ಲಿಗೇನಾದ್ರೂ ಹೋದ್ರೆ ನನ್ನ ಹೆಣ ನೋಡ್ತೀರ" ಎಂದಳು ಅಮ್ಮ.

ಕೊನೆಗೆ ಸಿಕ್ಕಿದ್ದು ಯಲ್ದೂರಿನಿಂದ ಆಚೆ ಒಂದು ಮಾವಿನ ತೋಟ. ಅಪ್ಪನ ಪರಿಚಯದ ನಾರಾಯಣಪ್ಪ ತನ್ನ ಕೃಷಿ ಹೊಂಡದ ಸುತ್ತ ಲೋಡುಗಟ್ಟಲೆ ಮರಳು ಸುರಿಸಿ, ಬಣ್ಣದ ಛತ್ರಿ ನೆಟ್ಟು, 'ಬೀಚ್' ಎಂದು ಬೋರ್ಡು ಹಾಕಿದ್ದ. ಅವನಿಗೆ ಮರ್ಯಾದೆ ಕೊಟ್ಟು ಬರೆಯಲು ನನಗೆ ಮನಸ್ಸಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಕೃಷಿ ಹೊಂಡ ನೋಡಿದವರಿಗೆ ಗೊತ್ತು. ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪಾಚಿ. ಬಿದ್ದವರು ಈಜು ಬಂದರೂ ಮೇಲೆ ಹತ್ತಲಾರರು. ಅದಕ್ಕೇ ದಡದ ಗೂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿರುತ್ತಾರೆ. ಇಲ್ಲಿ ಗೂಟಗಳಿದ್ದವು, ಹಗ್ಗ ಇರಲಿಲ್ಲ.

"ಅಂಕಲ್, ಹಗ್ಗ ಎಲ್ಲಿ?" ಎಂದೆ.

"ಹಗ್ಗ ಇದ್ರೆ ಊರೋರೆಲ್ಲ ಬಂದು ಬೀಳ್ತಾರೆ ಕಣಮ್ಮ. ನಾನೇ ಕಿತ್ತಾಕ್ಸಿದೀನಿ. ನಿಮಗೆ ಏಣಿ ಇದೆಯಲ್ಲ!"

ಏಣಿ ಇತ್ತು, ನಿಜ. ಆದರೆ ಸಂಜೆಯಾಗುತ್ತಲೇ ಅದನ್ನು ಎತ್ತಿ ಶೆಡ್ಡಿನೊಳಗೆ ಹಾಕಿ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ. ನಾವು ಹಗಲೆಲ್ಲ ಲಾರಿ ಟ್ಯೂಬು ಹಿಡಿದು ನೀರಾಡಿ, ಟ್ಯೂಬನ್ನು ತೋಟದ ಮನೆಯ ಜಗಲಿಗೆ ಒರಗಿಸಿ ಊಟಕ್ಕೆ ಕುಳಿತೆವು. ರಾತ್ರಿ ಅಲ್ಲೇ ತಂಗುವುದಿತ್ತು.

ಮುದ್ದೆ ಬಡಿಸಿದವಳು ತೋಟದ ಕೆಲಸದ ಮುನಿಲಕ್ಷ್ಮಮ್ಮ. ಬಗ್ಗಿ ಸಾರು ಬಿಡುತ್ತ ಪಿಸುಗುಟ್ಟಿದಳು.

"ಅಮ್ಮಣ್ಣಿ, ಕತ್ತಲಾದ್ಮೇಲೆ ಹೊಂಡದ ಹತ್ರ ಹೋಗ್ಬೇಡಿ... ನನ್ ಮಗಳಿದಾಳೆ ಅಲ್ಲಿ."

"ಯಾರು, ನಿನ್ ಮಗಳಾ?" ಎಂದೆ.

"ಹೋದ ಬೇಸಿಗೇಲಿ ಒಂದು ಬಿಂದಿಗೆ ನೀರಿಗೆ ಬಂದು ಜಾರಿಬಿಟ್ಲು. 'ತಾಡು ಎಯ್ಯಿ, ತಾಡು ಎಯ್ಯಿ' ಅಂತ ಕೂಗಿದಾಳೆ. ಇವನು ಈ ಜಗಲಿ ಮೇಲೇ ಕೂತಿದ್ದ. ನೀರು ಕದಿಯೋಕೆ ಬಂದೋಳು, ಸ್ವಲ್ಪ ಒದ್ದಾಡ್ಲಿ ಬಿಡು ಅಂದ್ನಂತೆ."

ತಾಡು ಎಂದರೆ ತೆಲುಗಿನಲ್ಲಿ ಹಗ್ಗ. ಹಗ್ಗ ಹಾಕಿ ಎಂದು ಆ ಹುಡುಗಿ ಕೂಗಿದ್ದಾಳೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಇಷ್ಟಾದ ಮೇಲೂ ಇವನ ಹತ್ರಾನೇ ಕೆಲಸಕ್ಕಿದೀಯಲ್ಲ?"

"ಅವಳು ಇನ್ನೂ ಇಲ್ಲೇ ಇದಾಳಲ್ಲ ತಾಯಿ... ನಾನೆಲ್ಲಿಗೆ ಹೋಗ್ಲಿ?"

ಬೆಳಿಗ್ಗೆಯೇ ಹೊರಟುಬಿಡೋಣ ಎಂದುಕೊಂಡು ಕೈ ತೊಳೆಯಲು ಎದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಪಲ್ಲವಿ ಪಕ್ಕದಲ್ಲಿರಲಿಲ್ಲ... ಬೆಳದಿಂಗಳ ಫೋಟೋ ತೆಗೆಯಲು ಹೊಂಡದ ಕಡೆ ಹೋಗಿದ್ದಳು. "ಪಲ್ಲೂ" ಎಂದು ಕೂಗಿದೆ. ಉತ್ತರವಾಗಿ ಕೇಳಿಸಿದ್ದು ನೀರಿಗೆ ಏನೋ ಬಿದ್ದ ಸದ್ದು.

ಓಡಿದೆ. ತಂಗಿ ಕಿರುಚುತ್ತ ಪ್ಲಾಸ್ಟಿಕ್ ಹಾಳೆಯನ್ನು ಪರಚುತ್ತಿದ್ದಳು. ಉಗುರು ಜಾರುವ ಆ ಕಿರ್ರ್ ಸದ್ದು... ಮರಳ ಮೇಲೆ ಬೋರಲು ಮಲಗಿ ದುಪಟ್ಟಾ ಎಸೆದೆ. ಎಟುಕಲಿಲ್ಲ. ಇನ್ನಷ್ಟು ಬಗ್ಗಿದ್ದೇ ತಡ, ನಾನೂ ಜಾರಿದೆ. ನನಗೂ ಈಜು ಬರುವುದಿಲ್ಲ. ಬಾಯಿಗೆ ಮೂಗಿಗೆ ಪಾಚಿ ನೀರು ನುಗ್ಗಿತು. ಒಂದು ಕೈಗೆ ತಂಗಿಯ ಜಡೆ ಸಿಕ್ಕಿತು.

ಆಗ ಕಿವಿಯ ಪಕ್ಕದಲ್ಲೇ ಒಂದು ಹೆಣ್ಣು ದನಿ, ಮೆಲ್ಲಗೆ... "ತಾಡು."

ಬಲಗೈಗೆ ಹಗ್ಗ ತಗುಲಿತು. ಒದ್ದೆ ಹಗ್ಗ, ಬಿಗಿಯಾಗಿತ್ತು. ಹಿಡಿದೆ. ಅದು ಎಳೆಯಿತು. ಅಂಗೈ ಸುಲಿದರೂ ಬಿಡಲಿಲ್ಲ. ಇಬ್ಬರೂ ಮರಳಿನ ಮೇಲೆ ಬಂದು ಬಿದ್ದೆವು. ಮೇಲೆ ಯಾರೂ ಇರಲಿಲ್ಲ. ಹಗ್ಗದ ತುದಿ ಗೂಟಕ್ಕೆ ಗಂಟು ಬಿದ್ದಿತ್ತು.

ನಾರಾಯಣಪ್ಪ ಟಾರ್ಚು ಹಿಡಿದು ಓಡಿ ಬಂದ. ಕೆಮ್ಮುತ್ತಿದ್ದ ನಮ್ಮನ್ನು ಅವನು ತಿರುಗಿಯೂ ನೋಡಲಿಲ್ಲ.

"ಯಾವಳೇ ಹಗ್ಗ ಕಟ್ಟಿದ್ದು? ಮುನಿಲಕ್ಷ್ಮೀ, ನಿಂದೇ ಅಲ್ವೇನೇ ಈ ಕೆಲಸ?"

ಗಂಟು ಬಿಚ್ಚಲು ಬಗ್ಗಿದ. ಹಗ್ಗ ನೀರಿನ ಕಡೆಯಿಂದ ಸರಕ್ಕನೆ ಬಿಗಿಯಿತು. ಅವನ ಮಣಿಕಟ್ಟಿಗೆ ಅದು ಸುತ್ತಿಕೊಂಡಿದ್ದನ್ನು ಟಾರ್ಚಿನ ಬೆಳಕಲ್ಲಿ ನಾನು ಕಣ್ಣಾರೆ ಕಂಡೆ. ಮರುಕ್ಷಣ ಅವನು ನೀರಿನಲ್ಲಿದ್ದ. ಗೂಟ ಬರಿದಾಗಿತ್ತು.

"ಹಗ್ಗ ಹಾಕ್ರೋ... ಯಾರಾದ್ರೂ ಹಗ್ಗ ಹಾಕ್ರೋ!"

ಶೆಡ್ಡಿನ ಕೀಲಿ ಅವನ ಸೊಂಟದಲ್ಲಿತ್ತು. ಅವನು ಎಂಥವನೇ ಆಗಿರಲಿ, ಸಾಯುತ್ತಿರುವ ಮನುಷ್ಯ. ಜಗಲಿಗೆ ಓಡಿ ಟ್ಯೂಬು ತಂದು ಅವನ ಕಡೆ ತಳ್ಳಿದೆ. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಟ್ಯೂಬು ನಡುವಿನ ತನಕ ಹೋಗಿ, ಹಿಂತಿರುಗಿ, ನನ್ನ ಕಾಲ ಬಳಿಗೇ ಬಂತು. ಮತ್ತೆ ತಳ್ಳಿದೆ. ಮತ್ತೆ ಬಂತು.

ಮುನಿಲಕ್ಷ್ಮಮ್ಮ ದಡದಲ್ಲಿ ಕೈಕಟ್ಟಿ ನಿಂತಿದ್ದಳು. "ಕೂಗು ಸಾಮಿ," ಎಂದಳು ತಣ್ಣಗೆ. "ಇನ್ನೂ ಸ್ವಲ್ಪ ಕೂಗು. ನನ್ ಮಗಳಿಗೆ ಕೇಳಿಸ್ಲಿ."

ಪಕ್ಕದ ತೋಟದವರು ಏಣಿ ತರುವಷ್ಟರಲ್ಲಿ ನೀರು ಸುಮ್ಮನಾಗಿತ್ತು. ಹೆಣ ಸಿಕ್ಕಿತು. ಹಗ್ಗಕ್ಕಾಗಿ ಪಾತಾಳಗರಡಿ ಹಾಕಿ ಹುಡುಕಿದರೂ ಒಂದು ಎಳೆ ಸಿಗಲಿಲ್ಲ. ಕಾಲು ಜಾರಿ ಬಿದ್ದಿದ್ದಾನೆ ಎಂದರು ಎಲ್ಲರೂ. ಬೆಳಗಾಗುವುದರೊಳಗೆ ಮುನಿಲಕ್ಷ್ಮಮ್ಮ ಗಂಟು ಕಟ್ಟಿಕೊಂಡು ಹೊರಟಿದ್ದಳು. ಎಲ್ಲಿಗೆ ಎಂದರೆ, "ಇನ್ನು ಇಲ್ಲಿ ಯಾರಿದಾರೆ ತಾಯಿ" ಎಂದಳು.

ಸತ್ತ ಮೇಲೂ ನಮ್ಮ ಜೀವ ಉಳಿಸಿದಳು ಎಂದು ಆ ಹುಡುಗಿಗೆ ದಿನಾ ದೀಪದ ಮುಂದೆ ಕೈ ಮುಗಿಯುತ್ತಿದ್ದೆ. ಪಲ್ಲವಿಯ ಮದುವೆಯ ಹಿಂದಿನ ದಿನದ ತನಕ. ಆ ದಿನ ಮದರಂಗಿ ಹಚ್ಚಿದ ಕೈಗಳನ್ನು ಒಣಗಿಸುತ್ತ ಕೂತವಳು ಇದ್ದಕ್ಕಿದ್ದಂತೆ ಹೇಳಿದಳು.

"ಅಕ್ಕ... ಅವತ್ತು ನಾನು ಜಾರ್ಲಿಲ್ಲ ಕಣೇ. ನೀರಿಂದ ಒಂದು ಕೈ ಬಂದು ನನ್ ಕಾಲು ಹಿಡಿದು ಎಳೀತು. ಆಮೇಲೆ ಅದೇ ಕೈ ಮೇಲಕ್ಕೆ ತಳ್ತು."

ಅಂದರೆ ನಾರಾಯಣಪ್ಪನನ್ನು ದಡಕ್ಕೆ ಕರೆಸಲು ಆ ಹುಡುಗಿಗೆ ನಮ್ಮ ಕಿರುಚಾಟ ಬೇಕಾಗಿತ್ತೇ? ಅವನು ಬರದೇ ಹೋಗಿದ್ದರೆ...?

ಈಗಲೂ ದೀಪದ ಮುಂದೆ ಕೈ ಎತ್ತುತ್ತೇನೆ. ಜೋಡಿಸಲು ಹೋದರೆ ಅಂಗೈ ಉರಿಯುತ್ತದೆ.